ಸಹಾಯ ಬೇಕು: ಮಳೆಗಾಲದಲ್ಲಿ ಎಂಬಾಸಿಂಗ್ ಪುಡಿ ಕಾರ್ಡಿಗೆಲ್ಲ ಅಂಟುತ್ತಿದೆ

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಕೇಳುತ್ತಿದ್ದೇನೆ. ಚೌತಿಗೆ 40 ಕಾರ್ಡ್ ಆಗಬೇಕು. ಎ5 ಅಳತೆಯ ದಪ್ಪ ಹಾಳೆ, 300 ಜಿಎಸ್‌ಎಂ, ನಡುವೆ ಮಡಚಿದ್ದು. ರಬ್ಬರ್ ಸ್ಟಾಂಪಿನಲ್ಲಿ ಯಕ್ಷಗಾನದ ಕಿರೀಟ, ನಿಧಾನವಾಗಿ ಆರುವ ಪಿಗ್ಮೆಂಟ್ ಇಂಕು, ಮೇಲೆ ಚಿನ್ನದ ಬಣ್ಣದ ಎಂಬಾಸಿಂಗ್ ಪುಡಿ (ಹಸಿ ಇಂಕಿಗೆ ಅಂಟಿ, ಬಿಸಿಗೆ ಕರಗಿ ಉಬ್ಬು ಗೆರೆಯಾಗುವ ಪುಡಿ), ಆಮೇಲೆ ಹೀಟ್ ಗನ್ನಿನ ಬಿಸಿ ಗಾಳಿ.

ಪುಡಿ ಕೊಡವಿದ ಮೇಲೂ ಗೆರೆಯ ಹೊರಗೆ ಚುಕ್ಕಿ ಚುಕ್ಕಿಯಾಗಿ ಉಳಿಯುತ್ತದೆ. ಕಿರೀಟದ ಸಣ್ಣ ಗೆರೆಗಳ ನಡುವೆ ಕರಗಿ ಒಂದೇ ಮುದ್ದೆ! ಹಾಳೆ ತೇವ ಹೀರಿದ್ದೇ ಕಾರಣ, ಅನುಮಾನವಿಲ್ಲ. ಬೇಸಿಗೆಯಲ್ಲಿ ಇದೇ ಹಾಳೆ ಚೊಕ್ಕವಾಗಿ ಬರುತ್ತಿತ್ತು. ಸ್ಟಾಂಪ್ ಒತ್ತುವ ಮೊದಲು 10 ಸೆಕೆಂಡ್ ಬಿಸಿ ಗಾಳಿ ಹಿಡಿದು, ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿದ ಟಾಲ್ಕಂ ಪೌಡರ್ ಮೆಲ್ಲಗೆ ತಟ್ಟಿದರೆ ಅರ್ಧ ಸರಿಯಾಗುತ್ತದೆ. ಪೌಡರ್ ಹೆಚ್ಚಾದರೆ ಇಂಕು ಹಿಡಿಯದೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಉಳಿದ ಚುಕ್ಕಿಗಳನ್ನು ಬಿಸಿ ಮಾಡುವ ಮೊದಲು ಒಣ ಕುಂಚದಿಂದ ತೆಗೆಯಬಹುದು, ಆದರೆ 40 ಕಾರ್ಡಿಗೆ ಅದು ಆಗುವ ಕೆಲಸವಲ್ಲ.

ಈ ಮಳೆಯಲ್ಲಿ ನೀವೆಲ್ಲ ಹಾಳೆಯನ್ನು ಹೇಗೆ ಇಡುತ್ತೀರಿ? ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಾಕೇ? ಸಣ್ಣ ಗೆರೆಗೆ ಬೇಕಾದ ನುಣ್ಣನೆಯ ಪುಡಿ, ಡಬ್ಬಿಯ ಮೇಲೆ 'ಡೀಟೇಲ್' ಎಂದು ಬರೆದಿರುವುದು, ಕಾರವಾರ, ಅಂಕೋಲಾ, ಶಿರಸಿ ಕಡೆ ಅಂಗಡಿಯಲ್ಲಿ ಸಿಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.