ಮಂದೆಗಳ ಬೇಸಿಗೆ ನೆಲವನ್ನು ಕೃಷಿ ಯೋಜನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಪ್ರಶ್ನೆ

ಭೂಬಳಕೆಯ ನಕ್ಷೆಗಳಲ್ಲಿ ಉಳುವ ನೆಲಕ್ಕೊಂದು ಬಣ್ಣ, ಕಾಡಿಗೊಂದು ಬಣ್ಣ ಇರುತ್ತದೆ. ಮಂದೆಗಳು ಮೇಯುವ ನೆಲ ಮಾತ್ರ ಬಹುಪಾಲು ‘ಬೀಳು’ ಎಂಬ ಹೆಸರಿನಡಿ ಸೇರಿಹೋಗುತ್ತದೆ. ಜಗತ್ತಿನ ನೆಲಭಾಗದಲ್ಲಿ ಶೇ. 54ರಷ್ಟು ಹುಲ್ಲುಗಾವಲು, ಕುರುಚಲು ಮತ್ತು ಒಣಬಯಲು ಎಂದು 2021ರಲ್ಲಿ ಪ್ರಕಟವಾದ ಜಾಗತಿಕ ನಕ್ಷಾಸಂಪುಟ ತೋರಿಸಿದೆ. ಅಷ್ಟು ದೊಡ್ಡ ಭಾಗಕ್ಕೆ ಯೋಜನೆಯಲ್ಲಿ ಸ್ಥಾನವೇ ಇಲ್ಲದಿರುವುದು ನನ್ನನ್ನು ಕಾಡುತ್ತಿದೆ. ಆದರೂ ನೀರು ಹರಿಸಿದರೆ ಅದೇ ನೆಲದಲ್ಲಿ ಹೆಚ್ಚು ಆಹಾರ ಬೆಳೆಯಬಹುದೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾರೆ. ಈ ಎರಡನ್ನೂ ಯಾವ ತಕ್ಕಡಿಯಲ್ಲಿ ತೂಗಬೇಕು?

ಮೊದಲ ಉತ್ತರ

ತೊಡಕು ಇರುವುದು ವಿಸ್ತೀರ್ಣದ ಲೆಕ್ಕದಲ್ಲಿ. ಮಳೆ ಬಿದ್ದ ಮೇಲೆ ಮೇವು ಎಲ್ಲೆಡೆ ಸಿಗುತ್ತದೆ. ಬೇಸಿಗೆ ಬಲಿತಾಗ ಹಸಿರು ಉಳಿಯುವುದು ನದಿಯ ದಂಡೆಯಲ್ಲಿ ಮತ್ತು ತಗ್ಗಿನ ಜೌಗಿನಲ್ಲಿ ಮಾತ್ರ. ಈ ತುಣುಕು ಒಟ್ಟು ಪ್ರದೇಶದ ಸಣ್ಣ ಪಾಲು, ಆದರೆ ಎಷ್ಟು ಜಾನುವಾರು ಮುಂದಿನ ಮಳೆಯನ್ನು ಕಾಣುತ್ತವೆ ಎಂಬುದನ್ನು ನಿರ್ಧರಿಸುವುದು ಅದೇ. ನೀರಾವರಿ ಯೋಜಕರ ಕಣ್ಣಿಗೆ ಮೊದಲು ಬೀಳುವುದೂ ಅದೇ.

ಇಥಿಯೋಪಿಯಾದ ಅವಾಶ್ ಕಣಿವೆಯನ್ನು ನೋಡಿ. 1960 ಮತ್ತು 1970ರ ದಶಕಗಳಲ್ಲಿ ಅಲ್ಲಿನ ನದಿಬಯಲಿನಲ್ಲಿ ಹತ್ತಿ ಮತ್ತು ಕಬ್ಬಿನ ತೋಟಗಳು ಹರಡಿದಾಗ ಅಫಾರ್ ಪಶುಪಾಲಕರು ಕಳೆದುಕೊಂಡದ್ದು ದಂಡೆಯನ್ನಷ್ಟೇ ಅಲ್ಲ. ಬೇಸಿಗೆಯ ಆಸರೆ ತಪ್ಪಿದ್ದರಿಂದ ಅದರಾಚೆಯ ವಿಶಾಲ ಬಯಲನ್ನೂ ಮೊದಲಿನಂತೆ ಬಳಸಲಾಗದೆ ಹೋಯಿತು. ಆ ಕಣಿವೆಯ ಆದಾಯವನ್ನು ಹೋಲಿಸಿ ರಾಯ್ ಬೆಹ್ನ್ಕೆ ಮತ್ತು ಕ್ಯಾರೊಲ್ ಕರ್ವೆನ್ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರತಿ ಹೆಕ್ಟೇರಿನ ಲೆಕ್ಕದಲ್ಲಿ ಪಶುಪಾಲನೆಯು ಸರ್ಕಾರಿ ತೋಟಗಳ ಹತ್ತಿ, ಕಬ್ಬಿಗಿಂತ ಕಡಿಮೆಯೇನೂ ಇರಲಿಲ್ಲ ಎಂದು ತೋರಿಸಿತು. ಉಪ್ಪೇರಿ ಪಾಳುಬಿದ್ದ ಹೊಲಗಳಲ್ಲಿ ಈಗ ಬಳ್ಳಾರಿ ಜಾಲಿ ಬೆಳೆದಿದೆ. ಆ ನೆಲ ಮೇವಿಗೂ ಮರಳಲಿಲ್ಲ ಎಂಬುದೇ ನನಗೆ ಅತಿ ನೋವಿನ ಸಂಗತಿ.

ಎರಡನೆಯ ಉತ್ತರ

ಇದನ್ನು ಒಪ್ಪುತ್ತೇನೆ, ಆದರೆ ಬೇಸಾಯಗಾರರನ್ನು ಎದುರಾಳಿಗಳ ಸಾಲಿನಲ್ಲಿ ನಿಲ್ಲಿಸಬಾರದು. ಕೊಯ್ಲಾದ ಹೊಲದ ಕೂಳೆ ಮಂದೆಗೆ ಮೇವು, ಮಂದೆ ತಂಗಿದ ಹೊಲಕ್ಕೆ ಗೊಬ್ಬರ. ಈ ಕೊಡುಕೊಳ್ಳುವಿಕೆ ಬಹಳ ಹಳೆಯದು. ವರ್ಷಕ್ಕೊಂದು ಬೆಳೆಯಿದ್ದ ಕಡೆ ಎರಡು ಬೆಳೆ ಬಂದಾಗ, ಅಥವಾ ಮಂದೆ ಸಾಗುವ ದಾರಿಯನ್ನೇ ಉತ್ತಾಗ ಅದು ಮುರಿಯುತ್ತದೆ. ಬೆಳೆಗೆ ಮಂದೆ ನುಗ್ಗಿತೆಂಬ ಜಗಳವನ್ನು ಕೆದಕಿದರೆ ಎಷ್ಟೋ ಸಲ ಮುಚ್ಚಿಹೋದ ದಾರಿಯೊಂದು ಸಿಗುತ್ತದೆ. ಬೆಳೆ ಕಳೆದುಕೊಂಡವನ ನಷ್ಟವೂ ಅಷ್ಟೇ ನಿಜ.

ಆದ್ದರಿಂದ ನಕ್ಷೆಯ ಜೊತೆಗೆ ಋತುಪಟ್ಟಿಯೂ ಬೇಕು: ಯಾವ ನೆಲ, ಯಾವ ತಿಂಗಳಲ್ಲಿ, ಯಾರಿಗೆ ಎಂಬುದು ಅದರಲ್ಲಿರಬೇಕು. ಕಾನೂನು ಇದನ್ನು ಹಿಡಿದಿಡಲಾರದು ಎನ್ನುವುದು ಸರಿಯಲ್ಲ. ಸ್ಪೇನ್ 1995ರ ಕಾನೂನಿನ ಮೂಲಕ, ಒಟ್ಟು ಸುಮಾರು 1,25,000 ಕಿಲೋಮೀಟರ್ ಉದ್ದದ ಹಳೆಯ ಮಂದೆದಾರಿಗಳನ್ನು ಪರಭಾರೆ ಮಾಡಲಾಗದ ಸಾರ್ವಜನಿಕ ಸ್ವತ್ತಾಗಿ ಕಾಯ್ದಿರಿಸಿತು. ನೈಜರ್ ದೇಶದ 1993ರ ಗ್ರಾಮೀಣ ಸಂಹಿತೆಯು ಪಶುಪಾಲಕರಿಗೆ ತಮ್ಮ ನೆಲೆಪ್ರದೇಶದಲ್ಲಿ ಆದ್ಯತೆಯ ಬಳಕೆಯ ಹಕ್ಕನ್ನು ಗುರುತಿಸಿತು. ಇದು ಬೇರೆಯವರನ್ನು ಹೊರಗಿಡುವ ಒಡೆತನವಲ್ಲ ಎಂಬುದು ಗಮನಾರ್ಹ.

ಮೂರನೆಯ ಉತ್ತರ

ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂಬ ಅಮೆರಿಕದ ಪರಿಸರವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ 1968ರ ವಾದ ಯೋಜನಾ ಕಡತಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಅವರು ಕಲ್ಪಿಸಿಕೊಂಡದ್ದು ನಿಯಮವೇ ಇಲ್ಲದ ಬಯಲನ್ನು. ಸಾಮೂಹಿಕ ಸಂಪನ್ಮೂಲಗಳ ನಿರ್ವಹಣೆಯನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ 1990ರಲ್ಲಿ ಎತ್ತಿ ತೋರಿದ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ಕಟ್ಟಳೆಯಿತ್ತು: ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಕಳಿಸಬಹುದು. ಮೊದಲ ಉತ್ತರದಲ್ಲಿರುವುದೂ ಇದೇ ತರ್ಕ; ಕೊರತೆಯ ಋತುವೇ ಅಳತೆಗೋಲು. ಹೆಕ್ಟೇರಿನ ವಾರ್ಷಿಕ ಸರಾಸರಿ ಇಳುವರಿ ಆ ಕೊರತೆಯನ್ನು ಮರೆಮಾಡುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಇವನ್ನು ಓದಿದ ಮೇಲೆ, ನನ್ನ ಕೈಯಲ್ಲಿರುವ ಯೋಜನಾ ವರದಿಯಲ್ಲಿ ಕ್ಷೇತ್ರ ಸಮೀಕ್ಷೆಯ ದಿನಾಂಕವನ್ನು ಹುಡುಕಿದೆ. ಅದು ಮಳೆಗಾಲ ಮುಗಿದ ಕೂಡಲೇ, ಅಂದರೆ ಮಂದೆಗಳೆಲ್ಲ ದೂರದ ಬಯಲಿನಲ್ಲಿದ್ದ ತಿಂಗಳಲ್ಲಿ ನಡೆದಿತ್ತು. ನದಿಯ ದಂಡೆಯ ಎದುರು ‘ಬಳಕೆಯಲ್ಲಿಲ್ಲ’ ಎಂದು ಬರೆದಿದ್ದಾರೆ.