ಮಕ್ಕಳ ಈಸ್ಟರ್ ಕೂಟಕ್ಕೆ ಗೋಡಂಬಿಯ ಮಾರ್ಜಿಪಾನ್ ಮೊಟ್ಟೆಗಳು

ಪ್ರಶ್ನೆ: ಈಸ್ಟರ್ ಭಾನುವಾರ ಮಂಗಳೂರಿನ ನಮ್ಮ ಮನೆಯಲ್ಲಿ ಸೇರುವ ಮಕ್ಕಳಿಗಾಗಿ ಮಾರ್ಜಿಪಾನ್ (ಗೋಡಂಬಿ ಪುಡಿ, ಸಕ್ಕರೆ ಸೇರಿಸಿ ನಾದಿ ಮಾಡುವ ಸಿಹಿತಿಂಡಿ) ಮೊಟ್ಟೆಗಳನ್ನು ಮಾಡಬೇಕೆಂದಿದ್ದೇನೆ. ಆದರೆ ಗೋಡಂಬಿ ಪುಡಿ ಮಾಡುವಾಗಲೇ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದಕ್ಕೆ ಹಸಿ ಮೊಟ್ಟೆಯ ಬಿಳಿಭಾಗ ಬಳಸುವುದು ಸುರಕ್ಷಿತವೇ?

ಉತ್ತರ 1: ಗೋಡಂಬಿಯನ್ನು ಸ್ವಲ್ಪ ಸಕ್ಕರೆ ಪುಡಿಯೊಡನೆ ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಅಷ್ಟಾಗಿ ಎಣ್ಣೆ ಬಿಡುವುದಿಲ್ಲ. 250 ಗ್ರಾಂ ಗೋಡಂಬಿಗೆ ಅಷ್ಟೇ ತೂಕದ ಸಕ್ಕರೆ, ಒಂದು ಮೊಟ್ಟೆಯ ಬಿಳಿಭಾಗ ಸಾಕು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಮಿಶ್ರಣವು ತಳ ಬಿಟ್ಟು, ಅದರ ಒಂದು ಚೂರನ್ನು ಬೆರಳುಗಳ ನಡುವೆ ಉರುಟಿದಾಗ ಅಂಟದೆ ನುಣ್ಣಗಿನ ಉಂಡೆಯಾಗುವವರೆಗೆ ಕಾಯಿಸಿ, ಇಳಿಸಿದ ಮೇಲೆ ಪನ್ನೀರು ಚಿಮುಕಿಸಿ ನಾದಿರಿ.

ಉತ್ತರ 2: ಎಳೆಯ ಮಕ್ಕಳಿದ್ದರೆ ಮೊಟ್ಟೆಯನ್ನೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ, ಕಾಜು ಕಟ್ಲಿಗೆ ಮಾಡುವಂತೆ ಒಂದೆಳೆ ಪಾಕಕ್ಕೆ ಗೋಡಂಬಿ ಪುಡಿ ಬೆರೆಸಿದರೂ ಅಚ್ಚಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಅಚ್ಚಿಗೆ ತುಪ್ಪ ಹೆಚ್ಚು ಸವರಿದರೆ ಮೇಲೆ ಬಿಡಿಸುವ ಐಸಿಂಗ್ ಹೂವು ಜಾರುವುದರಿಂದ, ಸಕ್ಕರೆ ಪುಡಿಯನ್ನಷ್ಟೇ ಉದುರಿಸಿ.

ಉತ್ತರ 3: ಗೋಡಂಬಿ ಒಗ್ಗದ ಮಕ್ಕಳಿದ್ದಾರೆಯೇ ಎಂದು ಹೆತ್ತವರನ್ನು ಮೊದಲೇ ವಿಚಾರಿಸಿರಿ. ಅಂಥವರಿಗೆ, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬೇಯಿಸಿ ಕೆಂಗಂದು ಬಣ್ಣ ಹತ್ತಿಸಿದ ಕೋಳಿಮೊಟ್ಟೆಗಳನ್ನು ಬೇರೆ ತಟ್ಟೆಯಲ್ಲಿಡಬಹುದು.