ಭತ್ತದ ಹುಲ್ಲು ಸುಡೋ ಬದಲು ಮೇವು ಮಾಡಿದರೆ ಮೀಥೇನ್ ಕಮ್ಮಿ ಆಗುತ್ತಾ?

ಪ್ರಶ್ನೆ (ರೈತರು, ಗಂಗಾವತಿ ತಾಲ್ಲೂಕು): ಡಾಕ್ಟ್ರೇ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಎರಡು ಎಮ್ಮೆ, ಒಂದು ಜರ್ಸಿ ಆಕಳು ಇವೆ. ಹುಲ್ಲು ಹಾಕಿದರೆ ಅರ್ಧ ತಿಂದು ಅರ್ಧ ಬಿಡುತ್ತವೆ. ಹೋದ ವರ್ಷ ಉಳಿದದ್ದಕ್ಕೆ ಗದ್ದೆಯಲ್ಲೇ ಬೆಂಕಿ ಹಚ್ಚಿದೆವು. ಅದನ್ನೇ ಒಳ್ಳೆ ಮೇವು ಮಾಡಿದರೆ ದನಗಳು ಬಿಡೋ, ಭೂಮಿ ಬಿಸಿ ಮಾಡೋ ಮೀಥೇನ್ ಅನಿಲ ಕೂಡ ಇಳಿಯುತ್ತೆ ಅಂತಾರೆ. ನಿಜಾನಾ?

ಉತ್ತರ (ಪಶುವೈದ್ಯೆ): ನಿಜ. ಆದರೆ ಹಾಲಿನ ಲೆಕ್ಕದಲ್ಲಿ ನೋಡಬೇಕು. ದನದ ಹೊಟ್ಟೆಯ ಮೀಥೇನ್ ಬಹುಪಾಲು ತೇಗಿನಲ್ಲೇ ಹೊರಗೆ ಬರುತ್ತದೆ. ಮೆಲುಕು ಹಾಕುವ ಎಮ್ಮೆಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ, ಮೇಲಿಂದ ಮೇಲೆ ತೇಗುತ್ತದೆ. ತಿಂದ ಮೇವಿನ ಶಕ್ತಿಯಲ್ಲಿ ಶೇಕಡಾ 2ರಿಂದ 12 ಹೀಗೇ ಗಾಳಿಗೆ ಹೋಗುತ್ತದೆ. ಅದು ನಿಮ್ಮ ಹಾಲಿಗೆ ಬರಬೇಕಿದ್ದ ಶಕ್ತಿ, ಅಲ್ವಾ?

ಭತ್ತದ ಹುಲ್ಲು ಒರಟು, ಪ್ರೋಟೀನ್ ತೀರಾ ಕಮ್ಮಿ. ಅದಕ್ಕೇ ಯೂರಿಯಾ ಉಪಚಾರ ಮಾಡಿ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ, ಸುಮಾರು 50 ಲೀಟರ್ ನೀರು. ಒಂದು ಹರಳೂ ಉಳಿಯದಂತೆ ಕರಗಿಸಿ. ಹುಲ್ಲನ್ನು ಪದರ ಪದರವಾಗಿ ಹರಡಿ, ಚಿಮುಕಿಸಿ, ಚೆನ್ನಾಗಿ ತುಳಿಯಿರಿ. ಗಾಳಿ ಆಡದಂತೆ ತಾಡಪಾಲು ಮುಚ್ಚಿ 21 ದಿನ ಬಿಡಿ. ತೆಗೆದಾಗ ಹುಲ್ಲು ಮೆತ್ತಗೆ, ಕಂದು ಹಳದಿ ಆಗಿರುತ್ತದೆ. ಘಾಟು ಮೂಗಿಗೆ ಹೊಡೆಯುತ್ತದೆ. ಅವತ್ತಿಗೆ ಬೇಕಾದಷ್ಟು ಮಾತ್ರ ತೆಗೆದು, ಹರಡಿ, ಘಾಟು ಹೋದ ಮೇಲೆ ಹಾಕಿ.

ದನ ಜಾಸ್ತಿ ತಿನ್ನುವುದರಿಂದ ದಿನದ ಒಟ್ಟು ಮೀಥೇನ್ ಇಳಿಯದೇ ಇರಬಹುದು. ಆದರೆ ಹಾಲು ಏರಿದರೆ ಲೀಟರಿಗೆ ಬೀಳುವ ಮೀಥೇನ್ ಕಮ್ಮಿ. ಒಟ್ಟು ಮೀಥೇನನ್ನೇ ಇಳಿಸಲು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯವರು ಟ್ಯಾನಿನ್ ಅನ್ನೋ ಒಗರು ಅಂಶವಿರುವ ಗಿಡಗಳಿಂದ 'ಹರಿತ್ ಧಾರಾ' ಅಂತ ಪೂರಕ ಮೇವು ಮಾಡಿದ್ದಾರೆ. ಅದರಿಂದ ಶೇಕಡಾ 17ರಿಂದ 20ರಷ್ಟು ಇಳಿಯುತ್ತದೆ.

ಇನ್ನೊಬ್ಬರು (ಸಿಂಧನೂರು): ಮೇಡಂ, ಯೂರಿಯಾ ಅಂದರೆ ಭಯ. ನಮ್ಮ ಓಣಿಯಲ್ಲಿ ಯೂರಿಯಾ ಕರಗಿಸಿದ ಬಕೆಟ್ ನೀರು ಕುಡಿದು ಆಕಳು ಸತ್ತಿತ್ತು.

ಉತ್ತರ: ಭಯ ಇರಲೇಬೇಕು ಅಣ್ಣಾ. ಆ ನೀರು ವಿಷವೇ. ದನ ಕಟ್ಟುವ ಕಡೆ ಕರಗಿಸಬೇಡಿ, ಬಕೆಟ್ ಆಗಲೇ ತೊಳೆದಿಡಿ. ಕೈ ಅಂದಾಜು ಬೇಡ, ತಕ್ಕಡಿಯಲ್ಲಿ ತೂಗಿ. 6 ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಹಾಕಲೇಬೇಡಿ. ದೊಡ್ಡವಕ್ಕೂ ಮೊದಲು ಒಂದು ಹಿಡಿ, ಆಮೇಲೆ ನಿಧಾನಕ್ಕೆ ಜಾಸ್ತಿ. ಜೊಲ್ಲು, ನಡುಕ, ಹೊಟ್ಟೆ ಉಬ್ಬರ ಕಂಡರೆ ಕಾಯಬೇಡಿ, ಡಾಕ್ಟರನ್ನು ಕರೆಸಿ.

ಮೊದಲಿನವರು: ಶೇಂಗಾ ಹೊಟ್ಟು, ತೊಗರಿ ಹೊಟ್ಟು ಕಲಸಬಹುದಾ?

ಉತ್ತರ: ಧಾರಾಳವಾಗಿ. ಹಾಕುವಾಗ ಹುಲ್ಲಿನ ಜೊತೆ ಕಲಸಿ. ಬೂಷ್ಟು ಹಿಡಿದಿದ್ದರೆ ಮಾತ್ರ ತಿಪ್ಪೆಗೆ ಹಾಕಿ. ಔಷಧಿ ಹೊಡೆದ ಹತ್ತಿ, ಮೆಣಸಿನ ಗಿಡದ ಕಸ ದನಕ್ಕೆ ಬೇಡ.

ಮೊದಲಿನವರು: ಆಯ್ತು ಡಾಕ್ಟ್ರೇ. ಹಳೇ ತಾಡಪಾಲು ಇದೆ, ಒಂದು ಕಡೆ ಹರಿದಿದೆ. ಹೊಲಿಸಿ 100 ಕೆಜಿ ಮಾಡಿ ನೋಡ್ತೀನಿ.

ಉತ್ತರ: ಹೊಲಿಗೆಯ ತೂತಿನಲ್ಲೂ ಗಾಳಿ ಹೋಗುತ್ತದೆ. ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಮಣ್ಣು ಹೇರಿ.